ಡ್ರೈ ಸ್ಟೇಟ್‌ನಲ್ಲಿ ಸೋಬರ್ ಹೋಮ್: ಸೇರೋದು ಹೇಗೆ, ಸೇರೋ ಮೊದಲು ಕೇಳೋದು ಏನು?

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ, ಮುಖ್ಯವಾಗಿ ಈ ವಿಷಯವನ್ನು ಮನೆಯಲ್ಲೋ ಪಿಜಿ ರೂಮಿನಲ್ಲೋ ಜೋರಾಗಿ ಹಾಕಿಕೊಂಡು ಕೇಳೋಕೆ ಆಗದವರಿಗೆ, ಈ ವಾರದ ಮಾತನ್ನು ಇಲ್ಲಿ ಬರೆದು ಹಾಕ್ತಿದ್ದೀನಿ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೀನಿ.

ಪ್ರಶ್ನೆ ಇದು: ಅಹಮದಾಬಾದ್, ವಡೋದರಾ, ಸೂರತ್ ಕಡೆ ಕೆಲಸ ಮಾಡ್ತಿರೋ ನಮ್ಮವರು ಕುಡಿತ ಬಿಡಬೇಕು ಅಂತ ತೀರ್ಮಾನ ಮಾಡಿದರೆ, ಸೋಬರ್ ಹೋಮ್ ಅಂತಾರಲ್ಲ, ಅಂಥ ಮನೆ ಸೇರೋದು ಹೇಗೆ? ಊರಿಂದ ಫೋನ್ ಮಾಡೋ ತಾಯಂದಿರು ಇದಕ್ಕೂ ಮುಂಚೆ ಇನ್ನೊಂದು ಕೇಳ್ತಾರೆ. "ಅಲ್ಲಪ್ಪಾ, ಗುಜರಾತಲ್ಲಿ ಎಣ್ಣೆನೇ ಸಿಗಲ್ವಂತಲ್ಲ, ಇವನಿಗೆ ಎಲ್ಲಿಂದ ಬಂತು?"

ಮೊದಲು ಅದನ್ನೇ ಹೇಳಿಬಿಡ್ತೀನಿ. 1960ರಲ್ಲಿ ಗುಜರಾತ್ ರಾಜ್ಯ ಆದಾಗಿನಿಂದ ಇಲ್ಲಿ ಪಾನನಿಷೇಧ ಇದೆ. ಕಾನೂನು ಅದಕ್ಕೂ ಹಳೇದು, 1949ರ ಬಾಂಬೆ ಪ್ರೊಹಿಬಿಷನ್ ಆ್ಯಕ್ಟ್. ಈಗ ಹೆಸರು ಬದಲಾಗಿ ಗುಜರಾತ್ ಪ್ರೊಹಿಬಿಷನ್ ಆ್ಯಕ್ಟ್ ಅಂತಾಗಿದೆ. ಮಾರೋದಷ್ಟೇ ಅಲ್ಲ, ಪರ್ಮಿಟ್ ಇಲ್ಲದೆ ಕುಡಿಯೋದೂ ಅಪರಾಧ. ಆದರೂ ಇಲ್ಲಿ ಒಂದು ವರ್ಷ ಇದ್ದವರಿಗೆ ಗೊತ್ತಿರುತ್ತೆ: ಬೂಟ್‌ಲೆಗ್ಗರ್ ನಂಬರ್ ಪಿಜಿಯಿಂದ ಪಿಜಿಗೆ ಹೋಗುತ್ತೆ, ಬಾಟ್ಲಿ ಬಾಗಿಲಿಗೇ ಬರುತ್ತೆ. ವೀಕೆಂಡ್ ಬಂದರೆ ಸೂರತ್‌ನವರಿಗೆ ದಮನ್, ಅಹಮದಾಬಾದ್‌ನವರಿಗೆ ಅಬು, ಉದಯಪುರ. ಗಿಫ್ಟ್ ಸಿಟಿಯಲ್ಲಿ 2023ರ ಡಿಸೆಂಬರ್‌ನಿಂದ ಅಲ್ಲಿನ ನೌಕರರಿಗೆ, ಅವರ ಅಧಿಕೃತ ಅತಿಥಿಗಳಿಗೆ ಕೆಲವು ಹೋಟೆಲ್‌ಗಳಲ್ಲಿ ಅನುಮತಿಯೂ ಇದೆ. ಹಾಗಾಗಿ ರಾಜ್ಯ ಡ್ರೈ ಅಂದರೆ ಮನುಷ್ಯ ಡ್ರೈ ಅಂತ ಅಲ್ಲ. ಬೆಂಗಳೂರಲ್ಲಿ ನಾಲ್ಕು ಜನರ ಜೊತೆ ಕೂತು ಕುಡೀತಿದ್ದವರು ಇಲ್ಲಿ ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ಕುಡಿಯೋಕೆ ಶುರು ಮಾಡ್ತಾರೆ. ಕದ್ದು ಕುಡಿಯೋದು ಇದ್ದಾಗ ಅಳತೆ ತಪ್ಪುತ್ತೆ, ನೋಡೋರೂ ಇರಲ್ಲ.

ಸರಿ, ಈಗ ವಿಷಯ. ಸೋಬರ್ ಹೋಮ್ ಅಂದರೆ ಆಸ್ಪತ್ರೆಯಲ್ಲ, ರಿಹ್ಯಾಬ್ ಕೂಡ ಅಲ್ಲ. ಈ ಮೂರನ್ನೂ ನಮ್ಮವರು ಒಂದೇ ಅಂದ್ಕೋತಾರೆ, ಗೊಂದಲ ಎಲ್ಲ ಅಲ್ಲಿಂದಲೇ. ಆಸ್ಪತ್ರೆಯಲ್ಲಿ ಆಗೋದು ಡಿಟಾಕ್ಸ್, ಮೈಗೆ ಅಂಟಿದ್ದನ್ನು ಔಷಧಿ ಕೊಟ್ಟು ಇಳಿಸೋದು, ಐದರಿಂದ ಹತ್ತು ದಿನದ ಕೆಲಸ. ರಿಹ್ಯಾಬ್‌ನಲ್ಲಿ ಆಗೋದು ಕೌನ್ಸೆಲಿಂಗ್, ಗುಂಪು ಮಾತುಕತೆ, ದಿನಚರಿ. ಅದು ತಿಂಗಳೋ ಮೂರು ತಿಂಗಳೋ ಆಗಬಹುದು. ಸೋಬರ್ ಹೋಮ್ ಅನ್ನೋದು ಇವೆರಡರ ನಂತರದ ಮನೆ. ಬೆಳಿಗ್ಗೆ ಎದ್ದು ಆಫೀಸಿಗೆ ಹೋಗ್ತೀರಿ, ಸಂಜೆ ವಾಪಸ್ ಬರ್ತೀರಿ, ಬಾಡಿಗೆ ಕೊಡ್ತೀರಿ, ಪಾತ್ರೆ ತೊಳೀತೀರಿ. ಜೊತೆಯಲ್ಲಿರೋರೆಲ್ಲ ಬಿಟ್ಟವರೇ. ಮನೆಯೊಳಗೆ ಒಂದು ತೊಟ್ಟೂ ಇರಬಾರದು, ಅದೇ ನಿಯಮ.

ಈ ಕಲ್ಪನೆಗೆ ಒಳ್ಳೇ ಉದಾಹರಣೆ ಅಮೆರಿಕದ ಆಕ್ಸ್‌ಫರ್ಡ್ ಹೌಸ್. 1975ರಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಒಂದು ಹಾಫ್‌ವೇ ಹೋಮ್ ಮುಚ್ಚೋ ಪರಿಸ್ಥಿತಿ ಬಂತು. ಅಲ್ಲಿದ್ದವರೇ ಸೇರಿ ಆ ಮನೆಯನ್ನು ಬಾಡಿಗೆಗೆ ತಗೊಂಡರು. ವಾರ್ಡನ್ ಇಲ್ಲ, ಡಾಕ್ಟರ್ ಇಲ್ಲ. ಎಲ್ಲ ತೀರ್ಮಾನ ಓಟು ಹಾಕಿ, ಖರ್ಚು ಹಂಚಿಕೊಂಡು, ಕುಡಿದವರನ್ನು ಹೊರಗೆ ಕಳಿಸಿ ನಡೆಸೋ ಮನೆ. ಹೊಸಬರನ್ನು ಸೇರಿಸೋದೂ ಓಟು ಹಾಕಿಯೇ. 2006ರಲ್ಲಿ ಲೆನಾರ್ಡ್ ಜೇಸನ್ ಮತ್ತು ಅವರ ತಂಡ ಪ್ರಕಟಿಸಿದ ಅಧ್ಯಯನ ಒಂದಿದೆ. ಚಿಕಿತ್ಸೆ ಮುಗಿಸಿದ 150 ಜನರಲ್ಲಿ ಅರ್ಧ ಮಂದಿಯನ್ನು ಇಂಥ ಮನೆಗಳಿಗೆ ಕಳಿಸಿದರು, ಇನ್ನರ್ಧ ಮಂದಿಗೆ ಮಾಮೂಲಿ ಫಾಲೋ ಅಪ್. ಎರಡು ವರ್ಷದ ನಂತರ ನೋಡಿದರೆ, ಮನೆಗೆ ಹೋದವರಲ್ಲಿ ಮತ್ತೆ ಶುರು ಮಾಡಿದವರು 31.3%, ಮಾಮೂಲಿ ದಾರಿಯಲ್ಲಿ ಹೋದವರಲ್ಲಿ 64.8%. ಹೆಚ್ಚು ಕಡಿಮೆ ಅರ್ಧಕ್ಕರ್ಧ. ಔಷಧಿ ಅಂಗಡಿಯಲ್ಲಿ ಇಷ್ಟು ಕೆಲಸ ಮಾಡೋ ಮಾತ್ರೆ ಸಿಕ್ಕಿದ್ದರೆ ಕ್ಯೂ ನಿಲ್ತಿದ್ರು.

ನಮಗೂ ಇದು ತೀರಾ ಹೊಸದಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆ ಸೇರಿ ಊರೂರಲ್ಲಿ ನಡೆಸೋ ಮದ್ಯವರ್ಜನ ಶಿಬಿರ ನಿಮ್ಮ ತಾಲ್ಲೂಕಲ್ಲೂ ಆಗಿರುತ್ತೆ. ಶಿಬಿರ ಎಂಟೇ ದಿನ. ಆದರೆ ಅದು ಮುಗಿದ ಮೇಲೆ ಅದೇ ಊರಿನ ಶಿಬಿರಾರ್ಥಿಗಳನ್ನು ಸೇರಿಸಿ ನವಜೀವನ ಸಮಿತಿ ಅಂತ ಮಾಡ್ತಾರೆ, ಅವರು ಆಗಾಗ ಕೂತು ಮಾತಾಡ್ತಾರೆ. ನನ್ನ ಲೆಕ್ಕದಲ್ಲಿ ಶಿಬಿರಕ್ಕಿಂತ ಆ ಸಮಿತಿಯದ್ದೇ ದೊಡ್ಡ ಕೆಲಸ. ಎಂಟು ದಿನ ಯಾರು ಬೇಕಾದರೂ ಬಿಡ್ತಾರೆ. ಒಂಬತ್ತನೇ ದಿನ ಸಂಜೆ ಏಳು ಗಂಟೆಗೆ ಎಲ್ಲಿ ಹೋಗ್ತೀರಿ ಅನ್ನೋದು ಪ್ರಶ್ನೆ. ಬೋಪಲ್‌ನಲ್ಲೋ ಚಾಂದಖೇಡಾದಲ್ಲೋ ಒಬ್ಬರೇ ಇರೋರಿಗೆ ಆ ಏಳು ಗಂಟೆಗೆ ಉತ್ತರ ಇರಲ್ಲ. ಸೋಬರ್ ಹೋಮ್ ಬೇಕಾಗಿರೋದು ಅದಕ್ಕೇ.

ಈಗ ಸೇರೋ ದಾರಿ. ಮನೆ ಹುಡುಕೋದಕ್ಕಿಂತ ಮೊದಲ ಹೆಜ್ಜೆ ಡಾಕ್ಟರ್. ದಿನಾ ಕುಡಿಯೋರು "ನಾಳೆಯಿಂದ ಬಂದ್" ಅಂತ ಒಮ್ಮೆಲೇ ನಿಲ್ಲಿಸೋದು ಅಪಾಯ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಕೊನೇ ಗ್ಲಾಸ್ ಆಗಿ ಆರೆಂಟು ಗಂಟೆಗೆ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದ ಹಾಗಾಗುತ್ತೆ: ಇಲ್ಲದ್ದು ಕಾಣೋದು, ಎಲ್ಲಿದ್ದೀನಿ ಅಂತ ಗೊತ್ತಾಗದಿರೋದು, ಜ್ವರ. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಬರುತ್ತೆ. ಆಸ್ಪತ್ರೆಯಲ್ಲಿ ಡೋಸ್ ಇಳಿಸ್ತಾ ಹೋಗೋ ಮಾತ್ರೆ, ಥಯಮಿನ್ ಅನ್ನೋ ಬಿ1 ವಿಟಮಿನ್ ಕೊಟ್ಟರೆ ಬಹುಪಾಲು ಸಲೀಸಾಗಿ ದಾಟುತ್ತೆ. ಒಳ್ಳೇ ಸೋಬರ್ ಹೋಮ್ ಯಾವುದಾದರೂ ಮೊದಲು ಕೇಳೋದೇ "ಡಿಟಾಕ್ಸ್ ಆಯ್ತಾ, ಪೇಪರ್ ಎಲ್ಲಿ?" ಅಂತ. ಕೇಳದೇ ಸೇರಿಸಿಕೊಂಡರೆ ಅಲ್ಲಿ ಅನುಮಾನ ಪಡಿ.

ಎಲ್ಲಿಗೆ ಹೋಗೋದು? ಅಹಮದಾಬಾದ್‌ನಲ್ಲಿ ಅಸಾರ್ವಾದ ಸಿವಿಲ್ ಆಸ್ಪತ್ರೆಯ ಮನೋರೋಗ ವಿಭಾಗ ಇದೆ, ಶಾಹಿಬಾಗ್ ರಸ್ತೆಯಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ವಡೋದರಾದಲ್ಲಿ ಎಸ್‌ಎಸ್‌ಜಿ ಆಸ್ಪತ್ರೆ, ಕಾರೇಲಿಬಾಗ್‌ನ ಮಾನಸಿಕ ಆರೋಗ್ಯ ಆಸ್ಪತ್ರೆ. ಸೂರತ್‌ನಲ್ಲಿ ಮಜೂರಾ ಗೇಟ್‌ನ ನ್ಯೂ ಸಿವಿಲ್. ಇದಲ್ಲದೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸಂಸ್ಥೆಗಳು ನಡೆಸೋ ಐಆರ್‌ಸಿಎ ಕೇಂದ್ರಗಳಿವೆ, ಅಲ್ಲಿ ಚಿಕಿತ್ಸೆ ಉಚಿತ. ನಿಮ್ಮ ಹತ್ತಿರದ್ದು ಯಾವುದು ಅಂತ ತಿಳಿಯೋಕೆ 14446ಕ್ಕೆ ಫೋನ್ ಮಾಡಿ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬೇಕು ಅನಿಸಿದರೆ 14416, ಟೆಲಿ ಮಾನಸ್. ಅದು 2022ರ ಅಕ್ಟೋಬರ್ 10ರಂದು ಶುರುವಾದದ್ದು, ಅದರ ಹಿಂದಿರೋದು ನಮ್ಮ ನಿಮ್ಹಾನ್ಸ್.

ಇಲ್ಲೊಂದು ಭಯ ಇದೆ, ನನ್ನ ಜೊತೆ ಆಸ್ಪತ್ರೆಗೆ ಬಂದ ಪ್ರತಿಯೊಬ್ಬರೂ ರಿಕ್ಷಾದಲ್ಲಿ ಕೂತ ಮೇಲೆ ಕೇಳಿದ್ದು: "ಸರ್, ಕುಡೀತೀನಿ ಅಂತ ಡಾಕ್ಟರ್ ಹತ್ರ ಹೇಳಿದ್ರೆ ಪೊಲೀಸರಿಗೆ ಹೇಳ್ತಾರಾ?" ಡ್ರೈ ಸ್ಟೇಟ್ ಆದ್ದರಿಂದ ಸಹಜವಾದ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರೋ ಮಾನಸಿಕ ತೊಂದರೆಗಳನ್ನೂ ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಅದರ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗುಟ್ಟಾಗಿ ಇಡೋದು ಅವರ ಕರ್ತವ್ಯ. ಕೋರ್ಟ್ ಆದೇಶ, ಯಾರಿಗಾದರೂ ಅಪಾಯ ಆಗೋ ಸಂದರ್ಭ ಇಂಥ ಕೆಲವು ವಿನಾಯಿತಿ ಬಿಟ್ಟರೆ, ಕಂಪನಿಗೂ ಪಕ್ಕದ ಮನೆಯವರಿಗೂ ಹೇಳೋ ಹಾಗಿಲ್ಲ. ಕುಡಿದು ಗಾಡಿ ಓಡಿಸಿ ಆ್ಯಕ್ಸಿಡೆಂಟ್ ಮಾಡ್ಕೊಂಡು ಹೋದರೆ ಕಥೆ ಬೇರೆ, ಅದು ಪೊಲೀಸ್ ಕೇಸಾಗೇ ದಾಖಲಾಗುತ್ತೆ. ಓಪಿಡಿಗೆ ನೀವಾಗಿಯೇ ನಡೆದು ಹೋಗೋದು ಆ ಥರದ್ದಲ್ಲ. ಎಷ್ಟು ಕುಡೀತೀರಿ ಅಂತ ಕೇಳಿದರೆ ನಿಜ ಹೇಳಿ. ಅರ್ಧ ಮಾಡಿ ಹೇಳಿದರೆ ಔಷಧಿಯ ಡೋಸೂ ಅರ್ಧ ಆಗುತ್ತೆ.

ಡಿಟಾಕ್ಸ್ ಆದ ಮೇಲೆ ಜಾಗ ಹುಡುಕೋದು. ಅಪ್ಪಟ ಸೋಬರ್ ಹೋಮ್, ಅಂದರೆ ಕೆಲಸಕ್ಕೆ ಹೋಗಿ ಬರ್ತಾ ಇರೋ ಮನೆ, ಗುಜರಾತಲ್ಲಿ ಅಪರೂಪ. ಗೂಗಲ್‌ನಲ್ಲಿ ಹುಡುಕಿದರೆ ಸಿಗೋದೆಲ್ಲ "ನಶಾ ಮುಕ್ತಿ ಕೇಂದ್ರ". ಕೆಲವು ಚೆನ್ನಾಗಿವೆ. ಕೆಲವು ಬೀಗ ಹಾಕಿದ ಮನೆಗಳು, ಅಷ್ಟೇ. 2023ರಲ್ಲಿ ಪಾಟಣ್‌ನ ಒಂದು ಖಾಸಗಿ ಕೇಂದ್ರದಲ್ಲಿ ಅಲ್ಲಿದ್ದ ಯುವಕನನ್ನು ಸಿಬ್ಬಂದಿಯೇ ಹೊಡೆದು ಸಾಯಿಸಿ, ಸಹಜ ಸಾವು ಅಂತ ಮನೆಯವರಿಗೆ ಹೇಳಿದ ಪ್ರಕರಣ ಬಯಲಾಯ್ತು. ಸಿಸಿಟಿವಿ ಇಲ್ಲದಿದ್ದರೆ ಅದು ಗೊತ್ತೇ ಆಗ್ತಿರಲಿಲ್ಲ. ಊರಲ್ಲಿರೋ ಅಪ್ಪ ಅಮ್ಮ, ಹೆಂಡತಿ ಸಾವಿರದೈನೂರು ಕಿಲೋಮೀಟರ್ ದೂರದಿಂದ ಫೋನ್‌ಪೇ ಮಾಡಿ "ಹೇಗಾದ್ರೂ ಕರ್ಕೊಂಡು ಹೋಗಿ ಸೇರಿಸ್ಬಿಡಿ" ಅಂದಾಗ, ಅಂಥ ಕಡೆಯವರು ಗಾಡಿ ತಂದು ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಹೋಗ್ತಾರೆ. ಅದನ್ನ "ಪಿಕಪ್ ಸರ್ವಿಸ್" ಅಂತ ಜಾಹೀರಾತಲ್ಲೇ ಹಾಕಿರ್ತಾರೆ. ಪಿಕಪ್ ಅನ್ನೋ ಪದ ಕಂಡರೆ ಆ ನಂಬರ್ ಬಿಟ್ಟುಬಿಡಿ.

ಕಾನೂನು ಏನು ಹೇಳುತ್ತೆ ಅಂತ ಗೊತ್ತಿದ್ದರೆ ಹೆದರಿಕೆ ಕಡಿಮೆ. ದೊಡ್ಡವರು ತಾವಾಗಿಯೇ ಸೇರಿದರೆ ಅದು 86ನೇ ಸೆಕ್ಷನ್ನಿನ ಸ್ವತಂತ್ರ ಅಡ್ಮಿಷನ್. ಸಹಿ ನಿಮ್ಮದೇ, ಬಿಡ್ತೀನಿ ಅಂದರೆ ಬಿಡಬೇಕು. ತೀರಾ ಅಪಾಯದ ಲಕ್ಷಣ ಕಂಡರೆ ಮಾತ್ರ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು. ಒಪ್ಪಿಗೆ ಕೊಡೋ ಸ್ಥಿತಿಯಲ್ಲಿ ಇಲ್ಲದವರಿಗೆ 89ನೇ ಸೆಕ್ಷನ್. ಅದಕ್ಕೆ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು, ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಮಿತಿ 30 ದಿನ, ರಿವ್ಯೂ ಬೋರ್ಡಿಗೆ ತಿಳಿಸಬೇಕು. "ಮನೆಯವರು ದುಡ್ಡು ಕೊಟ್ಟಿದ್ದಾರೆ, ಆರು ತಿಂಗಳು ಬಿಡಲ್ಲ" ಅನ್ನೋ ಅಡ್ಮಿಷನ್ ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ನಾಮನಿರ್ದೇಶಿತ ಪ್ರತಿನಿಧಿ ಅಂದೆನಲ್ಲ, ವಲಸೆ ಬಂದವರಿಗೆ ಇದು ಬಹಳ ಉಪಯೋಗದ ವಿಷಯ, ಆದರೆ ಯಾರಿಗೂ ಗೊತ್ತಿರಲ್ಲ. 14ನೇ ಸೆಕ್ಷನ್ ಪ್ರಕಾರ ನೀವು ನಂಬೋ ಯಾರನ್ನಾದರೂ ನಿಮ್ಮ ಪ್ರತಿನಿಧಿ ಅಂತ ಬಿಳಿ ಹಾಳೆ ಮೇಲೆ ಬರೆದು ಸಹಿ ಹಾಕಬಹುದು. ಸ್ಟ್ಯಾಂಪ್ ಪೇಪರ್ ಬೇಡ, ನೋಟರಿ ಬೇಡ. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ. ಇದೇ ಊರಲ್ಲಿರೋ ಗೆಳೆಯ, ಸಹೋದ್ಯೋಗಿ, ಕನ್ನಡ ಬಳಗದ ಹಿರಿಯರು, ಯಾರಾದರೂ ಸರಿ. ಅವರಿಗೂ ಒಪ್ಪಿಗೆ ಇರಬೇಕು ಅನ್ನಿ. ಮೈ ಸರಿ ಇರೋವಾಗಲೇ ಬರೆದಿಡಿ. ಗದಗದಲ್ಲಿರೋ ಅಣ್ಣ ರೈಲು ಹಿಡಿದು ಬರೋಷ್ಟರಲ್ಲಿ ಇಲ್ಲಿ ಎರಡು ದಿನ ಆಗಿರುತ್ತೆ.

ಜಾಗ ನೋಡೋಕೆ ಹೋದಾಗ ನಾನು ಮೊದಲು ನೋಡೋದು ಬಾಗಿಲು. ಬೀಗದ ಕೈ ಯಾರ ಹತ್ರ ಇದೆ? ಆಮೇಲೆ ಅಡುಗೆಮನೆ, ಕಕ್ಕಸು. ಅಲ್ಲಿರೋರ ಜೊತೆ ಮ್ಯಾನೇಜರ್ ಇಲ್ಲದೆ ಹತ್ತು ನಿಮಿಷ ಮಾತಾಡೋಕೆ ಬಿಡ್ತಾರಾ? ಬಿಡಲಿಲ್ಲ ಅಂದರೆ ಅಲ್ಲಿಗೆ ಮುಗೀತು. ಅಡ್ಮಿಟ್ ಮಾಡಿಕೊಂಡು ಚಿಕಿತ್ಸೆ ಕೊಡೋ ಜಾಗ ಆದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ, ಗೋಡೆ ಮೇಲಿನ ಐಎಸ್ಒ ಸರ್ಟಿಫಿಕೇಟ್ ಅಲ್ಲ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ತಾರೆ, ಮನೆಗೆ ಫೋನ್ ಎಷ್ಟು ದಿನಕ್ಕೊಮ್ಮೆ, ರಸೀದಿ ಕೊಡ್ತಾರಾ, ಮಧ್ಯೆ ಬಿಟ್ಟರೆ ದುಡ್ಡು ವಾಪಸ್ ಎಷ್ಟು. "ಡಾಕ್ಟರ್ ಬರೆದ ಮಾತ್ರೆ ಇಲ್ಲಿ ಕೊಡಲ್ಲ, ಮನಸ್ಸು ಗಟ್ಟಿ ಇದ್ರೆ ಸಾಕು" ಅನ್ನೋರೂ ಇದ್ದಾರೆ. ಖಿನ್ನತೆಯ ಮಾತ್ರೆ ತಗೋತಿರೋರಿಗೆ ಅದು ವಿಷದ ಮಾತು. "100% ಗ್ಯಾರಂಟಿ" ಅನ್ನೋರ ಬಗ್ಗೆ ಹೇಳೋದೇ ಬೇಡ. ಹಾಗೇ ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸೋ ಪುಡಿ ಅಂತ ಮಾರ್ತಾರಲ್ಲ, ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ತಿಂದವರು ತಿಳಿಯದೇ ಕುಡಿದಾಗ ಬಿಪಿ ಕುಸಿದು ಜೀವಕ್ಕೇ ಅಪಾಯ. ಅಕ್ಕಂದಿರೇ, ಅಮ್ಮಂದಿರೇ, ಅದನ್ನ ತರಿಸಬೇಡಿ.

ಭಾಷೆಯ ಮಾತೂ ಇದೆ. ಹಾವೇರಿ ಕಡೆಯ ಒಬ್ಬ ಹುಡುಗ, ಹಿಂದಿ ಚೆನ್ನಾಗೇ ಬರುತ್ತೆ, ಸ್ಟ್ಯಾಂಡಪ್ ಮೀಟಿಂಗ್ ಎಲ್ಲ ಹಿಂದಿ ಇಂಗ್ಲಿಷಲ್ಲೇ ನಡೆಸ್ತಾನೆ. ಕೌನ್ಸೆಲಿಂಗ್‌ನಲ್ಲಿ ಮೂರು ವಾರ ಬರೀ "ಸಬ್ ಠೀಕ್ ಹೈ" ಅಂದ. ಅವನ ಅಪ್ಪನ ವಿಷಯ ಹೇಳೋಕೆ ಅವನಿಗೆ ಹಿಂದಿಯಲ್ಲಿ ಮಾತೇ ಇರಲಿಲ್ಲ. ಕನ್ನಡ ಬರೋ ಕೌನ್ಸೆಲರ್ ಜೊತೆ ಆನ್‌ಲೈನ್‌ನಲ್ಲಿ ಕೂರಿಸಿದ ಮೇಲೆ ಮೊದಲ ದಿನವೇ ಒಂದೂವರೆ ಗಂಟೆ ಮಾತಾಡಿದ. ಹಾಗಾಗಿ ವಾರಕ್ಕೊಂದು ಗಂಟೆ ಹೊರಗಿನ ಕೌನ್ಸೆಲರ್ ಜೊತೆ ಕನ್ನಡದಲ್ಲಿ ವಿಡಿಯೋ ಕಾಲ್‌ಗೆ ಅವಕಾಶ ಇದೆಯಾ ಅಂತ ಸೇರೋ ಮೊದಲೇ ಕೇಳಿ.

ಮನೆಯವರು ನಿಮ್ಮನ್ನೂ ಕೇಳ್ತಾರೆ. ಕೊನೇ ಸಲ ಕುಡಿದದ್ದು ಯಾವತ್ತು, ಬೇರೆ ಏನಾದರೂ ತಗೋತಿದ್ರಾ, ಯಾವ ಮಾತ್ರೆ ನಡೀತಿದೆ, ಕೇಸ್ ಏನಾದರೂ ಇದೆಯಾ, ಯಾವಾಗ ಬೇಕಾದರೂ ಟೆಸ್ಟ್ ಮಾಡಿದರೆ ಒಪ್ಪಿಗೆಯಾ, ಬಾಡಿಗೆ ಹೇಗೆ ಕಟ್ತೀರಿ. ಇಲ್ಲೂ ಉತ್ತರ ನೇರವಾಗಿರಲಿ. ಮನೆ ಸಿಗೋದು ಕ್ಲೀನ್ ರೆಕಾರ್ಡ್ ಇದ್ದವರಿಗಲ್ಲ, ಬಿಡೋ ಮನಸ್ಸಿರೋರಿಗೆ. ನಮ್ಮ ಕೆಲಸದವರಿಗೆ ಸಿಕ್ಕಿಹಾಕಿಕೊಳ್ಳೋ ನಿಯಮ ಎರಡು: ರಾತ್ರಿ ಹತ್ತಕ್ಕೆ ಬಾಗಿಲು ಅನ್ನೋದು, ಮೊದಲ ಕೆಲವು ವಾರ ಫೋನ್ ಲ್ಯಾಪ್‌ಟಾಪ್ ಇಲ್ಲ ಅನ್ನೋದು. ಯುಎಸ್ ಶಿಫ್ಟ್ ಇರೋರು ಶಿಫ್ಟ್ ಬದಲಾಯಿಸಿಕೊಂಡೇ ಹೋಗಬೇಕು, ನಿದ್ದೆ ಕೆಟ್ಟರೆ ಬಿಟ್ಟಿದ್ದು ನಿಲ್ಲೋದು ಕಷ್ಟ. ಮನೆಯಲ್ಲಿ ಒಬ್ಬರು ಜಾರಿ ಕುಡಿದರೆ ಏನು ಮಾಡ್ತೀರಿ ಅಂತ ನೀವೂ ಕೇಳಿ. "ಹೊರಗೆ ಹಾಕ್ತೀವಿ" ಅಂದರೆ ಅರ್ಥ ಆಗುತ್ತೆ, ಆದರೆ ರಾತ್ರಿ ಎರಡು ಗಂಟೆಗೆ ರಸ್ತೆಗೋ, ಆಸ್ಪತ್ರೆಗೋ? ಗುಜರಾತಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. 2022ರ ಜುಲೈನಲ್ಲಿ ಬೋಟಾದ್ ಮತ್ತು ಅಹಮದಾಬಾದ್ ಜಿಲ್ಲೆಗಳಲ್ಲಿ ಮೆಥನಾಲ್ ಕುಡಿದು 40ಕ್ಕೂ ಹೆಚ್ಚು ಜನ ಸತ್ತರು. ಲಠ್ಠಾ ಅಂತಾರೆ ಇಲ್ಲಿ ಅದಕ್ಕೆ. ಹತಾಶೆಯಲ್ಲಿ ಹೊರಗೆ ಬಿದ್ದವನು ಲೇಬಲ್ ನೋಡಿ ಕುಡಿಯಲ್ಲ.

ದುಡ್ಡು, ರಜೆ. ಕಂಪನಿಗೆ ರೋಗದ ಹೆಸರು ಹೇಳಲೇಬೇಕು ಅಂತಿಲ್ಲ. ಆಸ್ಪತ್ರೆಯ ಮೆಡಿಕಲ್ ಸರ್ಟಿಫಿಕೇಟ್ ಮೇಲೆ ಸಿಕ್ ಲೀವ್, ಆಮೇಲೆ ಅರ್ನ್ಡ್ ಲೀವ್, ಸಾಲದಿದ್ದರೆ ಸಂಬಳ ಇಲ್ಲದ ರಜೆ. ದೊಡ್ಡ ಕಂಪನಿಗಳಲ್ಲಿ ಇಎಪಿ ಅಂತ ಗುಟ್ಟಿನ ಕೌನ್ಸೆಲಿಂಗ್ ಲೈನ್ ಇರುತ್ತೆ, ಅಲ್ಲಿಂದ ಶುರು ಮಾಡಬಹುದು. ಇನ್ಶೂರೆನ್ಸ್ ಬಗ್ಗೆ ಮಾತ್ರ ಹುಷಾರು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತ 2017ರ ಕಾಯ್ದೆ ಹೇಳುತ್ತೆ ನಿಜ. ಆದರೆ ನಿಮ್ಮ ಪಾಲಿಸಿಯ ಹೊರಗಿಟ್ಟವುಗಳ ಪಟ್ಟಿಯಲ್ಲಿ "ಎಕ್ಸ್‌ಕ್ಲ್ 12" ಅನ್ನೋ ಕೋಡ್ ಹುಡುಕಿ. ಮದ್ಯ, ಮಾದಕ ವ್ಯಸನದ ಚಿಕಿತ್ಸೆ ಕೊಡಲ್ಲ ಅಂತ ಇರೋದು ಅಲ್ಲೇ. ಕೆಲವು ಗ್ರೂಪ್ ಪಾಲಿಸಿಗಳಲ್ಲಿ ಅದನ್ನ ಸಡಿಲ ಮಾಡಿರ್ತಾರೆ, ಟಿಪಿಎಗೆ ಹೆಸರು ಹೇಳದೇ ಮೇಲ್ ಹಾಕಿ ಕೇಳಬಹುದು. ಸೋಬರ್ ಹೋಮ್‌ನ ಬಾಡಿಗೆ ಅಂತೂ ವಿಮೆಯಲ್ಲಿ ಬರಲ್ಲ, ಅದು ಆಸ್ಪತ್ರೆ ಅಲ್ಲವಲ್ಲ.

ಇಷ್ಟೆಲ್ಲ ಹುಡುಕಿಯೂ ಮನೆ ಸಿಗಲಿಲ್ಲ ಅಂದರೆ? ಬಹಳ ಜನರಿಗೆ ಆಗೋದು ಹಾಗೇ. ಕೆಲವರು ಬೆಂಗಳೂರಿಗೆ ವಾಪಸ್ ಹೋಗಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ತೋರಿಸ್ತಾರೆ. ಚಿಕಿತ್ಸೆಗೆ ಅದು ಒಳ್ಳೇ ಜಾಗ. ಆದರೆ ಆಮೇಲೆ ಇರೋಕೆ ಬೆಂಗಳೂರೇ ವಾಸಿ, ಇಲ್ಲಿ ಕದ್ದು ಕುಡಿಯೋ ಅಭ್ಯಾಸ ಅಂತ ಕೆಲವರು, ಅಲ್ಲಿ ಬೀದಿಗೊಂದು ಬಾರ್, ಇಲ್ಲೇ ವಾಸಿ ಅಂತ ಕೆಲವರು. ನನ್ನ ಕಣ್ಣಿಗೆ ಕಂಡಿದ್ದು ಊರಿಗಿಂತ ಜೊತೆಯವರು ಮುಖ್ಯ ಅನ್ನೋದು. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ, 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಮಾತಾಡ್ತಾ ಕೂತಲ್ಲಿಂದ ಶುರುವಾದದ್ದು. ಗುಜರಾತಲ್ಲೂ ಅದರ ಗುಂಪುಗಳಿವೆ. ಫೀಸಿಲ್ಲ, ಪೂರ್ತಿ ಹೆಸರು ಕೇಳಲ್ಲ. ಮನೆಯವರಿಗೆ ಅಲನಾನ್ ಅಂತ ಬೇರೆ ಗುಂಪಿದೆ. ಅಲ್ಲಿ ನಾಲ್ಕಾರು ತಿಂಗಳು ನಿಯಮಿತವಾಗಿ ಹೋದವರು ಇಬ್ಬರು ಮೂವರು ಸೇರಿ ಒಂದು ಟೂ ಬಿಎಚ್‌ಕೆ ಬಾಡಿಗೆಗೆ ಹಿಡಿದರೆ, ಅದೇ ಸೋಬರ್ ಹೋಮ್. ಆಕ್ಸ್‌ಫರ್ಡ್ ಹೌಸ್ ಶುರುವಾಗಿದ್ದೂ ಹಾಗೇ ಅಲ್ಲವಾ. ಅಗ್ರಿಮೆಂಟ್‌ನಲ್ಲಿ ಓನರ್‌ಗೆ ಏನೂ ವಿವರಿಸಬೇಕಾಗಿಲ್ಲ. "ಇಲ್ಲಿ ಯಾರೂ ಕುಡಿಯಲ್ಲ" ಅಂದರೆ ಅಹಮದಾಬಾದ್‌ನ ಸೊಸೈಟಿಯವರು ಖುಷಿಯಿಂದ ಮನೆ ಕೊಡ್ತಾರೆ, ನಾನ್ ವೆಜ್ ಬಗ್ಗೆ ಮಾತ್ರ ಬೇರೆ ಮಾತುಕತೆ ಆಗಬೇಕಾಗುತ್ತೆ. ಒಳಗಿನ ನಿಯಮ ಮೊದಲ ದಿನವೇ ಬರೆದು ಫ್ರಿಜ್ ಮೇಲೆ ಅಂಟಿಸಿ: ಯಾರು ಯಾವತ್ತು ಅಡುಗೆ, ಮೀಟಿಂಗ್ ಯಾವ ದಿನ, ಒಬ್ಬರು ಜಾರಿದರೆ ಉಳಿದವರು ಮೊದಲು ಫೋನ್ ಮಾಡೋದು ಯಾರಿಗೆ. ಹೊಸದಾಗಿ ಡಿಟಾಕ್ಸ್ ಮುಗಿಸಿ ಬಂದವರು ಇಬ್ಬರೇ ಸೇರಿ ಇಂಥ ಮನೆ ಮಾಡಬೇಡಿ. ಕನಿಷ್ಠ ಒಬ್ಬರಾದರೂ ವರ್ಷ ದಾಟಿದವರು ಇರಲಿ.

ಹೋಗುವಾಗ ಬ್ಯಾಗಲ್ಲಿ ಡಿಸ್ಚಾರ್ಜ್ ಸಮ್ಮರಿ, ಲಿವರ್ ಟೆಸ್ಟ್ ರಿಪೋರ್ಟ್, ಒಂದು ತಿಂಗಳ ಮಾತ್ರೆ, ಆಧಾರ್, ಪ್ರತಿನಿಧಿಯ ಹೆಸರು ಬರೆದ ಹಾಳೆಯ ಎರಡು ಕಾಪಿ. ಆಲ್ಕೋಹಾಲ್ ಇರೋ ಮೌತ್‌ವಾಶ್, ಸ್ಯಾನಿಟೈಸರ್ ಬಿಟ್ಟು ಹೋಗಿ, ಬಾಗಿಲಲ್ಲೇ ತೆಗೆದಿಡ್ತಾರೆ. ಬೂಟ್‌ಲೆಗ್ಗರ್ ನಂಬರನ್ನೂ ಡಿಲೀಟ್ ಮಾಡಿ, ವಾಟ್ಸಾಪ್ ಚಾಟ್ ಸಮೇತ.